ಟ್ಯಾಲಿಪ್ರೈಮ್ ಎಡಿಟ್ ಲಾಗ್: ಪೀಣ್ಯದ ಸಣ್ಣ ಕಂಪನಿಯಲ್ಲಿ ಬಳಸಿ ಕಂಡದ್ದು

ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರಗಳಲ್ಲಿ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಲೆಕ್ಕ ಇಡುವ ಸಾಫ್ಟ್‌ವೇರ್ ಅಂದರೆ, ಹಳೇ ಟ್ಯಾಲಿ.ಇಆರ್‌ಪಿ 9 ಕಾಲದಿಂದಲೂ ನಮ್ಮಲ್ಲಿ ಟ್ಯಾಲಿಯೇ. 2020ರ ನವೆಂಬರ್‌ನಲ್ಲಿ ಟ್ಯಾಲಿಪ್ರೈಮ್ ಬಂದ ಮೇಲೆ ಅದಕ್ಕೆ ಬದಲಾದೆವು. 2023ರ ಏಪ್ರಿಲ್‌ನಿಂದ ಅದರ ಎಡಿಟ್ ಲಾಗ್ ಆವೃತ್ತಿ, ಅಂದರೆ ಯಾರು ಏನು ತಿದ್ದಿದರು ಅಂತ ದಾಖಲಿಸಿಡುವ ಆವೃತ್ತಿ, ಬಳಸುತ್ತಿದ್ದೇವೆ. ಬಿಲ್ ಹಾಕುವುದು, ಇ-ಇನ್‌ವಾಯ್ಸ್, ಜಿಎಸ್‌ಟಿ ರಿಟರ್ನ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಎಡಿಟ್ ಲಾಗ್ ಬಗ್ಗೆಯೇ ಬರೆಯುತ್ತೇನೆ. ನಮ್ಮ ಲೆಕ್ಕದ ರೀತಿಯನ್ನೇ ಬದಲಿಸಿದ್ದು ಅದು.

ಮೊದಲು ನಿಯಮ. ಕಂಪನಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಇಟ್ಟರೆ, ಪ್ರತಿ ನಮೂದಿನ ಪ್ರತಿ ಬದಲಾವಣೆಯೂ ತಾರೀಖಿನ ಸಮೇತ ದಾಖಲಾಗಬೇಕು. ಆ ದಾಖಲೆಯನ್ನು ಯಾರೂ ಆಫ್ ಮಾಡುವಂತಿರಬಾರದು. ಇದು ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2021ರಲ್ಲಿ ಸೇರಿತು. ಎರಡು ಸಲ ಮುಂದೆ ಹೋಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಇದು ಕಂಪನಿಗಳಿಗೆ ಮಾತ್ರ. ಅಂಗಡಿ ಇಟ್ಟವರಿಗೆ, ಪಾಲುದಾರಿಕೆ ಸಂಸ್ಥೆಗಳಿಗೆ ಕಡ್ಡಾಯವಲ್ಲ. ಆಡಿಟರ್ ತಮ್ಮ ವರದಿಯಲ್ಲಿ ಇದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಲಾಗ್ ಇತ್ತಾ, ವರ್ಷವಿಡೀ ನಡೆಯಿತಾ, ಅದನ್ನು ತಿದ್ದಲಾಗಿದೆಯಾ ಅಂತ ಅವರು ನೋಡುತ್ತಾರೆ. ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಟ್ಟುಕೊಳ್ಳಬೇಕು ಅನ್ನುವ ಕಾನೂನು ಮೊದಲಿನಿಂದಲೂ ಇದೆ.

ಇದೂ ಒಂದು ಕಾಗದದ ಕೆಲಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಲಾಗ್ ಬರುವ ಮೊದಲು ಎಷ್ಟೋ ಸಣ್ಣ ಕಂಪನಿಗಳಲ್ಲಿ ಏನಾಗುತ್ತಿತ್ತು ಹೇಳಿ? ಜೂನ್ ತಿಂಗಳ ಲಾಭ ಜುಲೈ ಹತ್ತಕ್ಕೆ ಒಂದು, ಆಗಸ್ಟ್‌ನಲ್ಲಿ ನೋಡಿದರೆ ಇನ್ನೊಂದು. ಮಧ್ಯೆ ಯಾರೋ ಹಳೇ ತಾರೀಖಿನಲ್ಲಿ ಒಂದು ಖರೀದಿ ಬಿಲ್ ಸೇರಿಸಿರುತ್ತಾರೆ, ಇನ್ಯಾರೋ ಒಂದನ್ನು ಅಳಿಸಿರುತ್ತಾರೆ. ಯಾರು, ಯಾವಾಗ, ಎಷ್ಟು ಅಂತ ಹುಡುಕಲು ದಾರಿಯೇ ಇರುತ್ತಿರಲಿಲ್ಲ. ಮಾಲೀಕರು ಸಹಜವಾಗಿಯೇ ಲೆಕ್ಕ ನಂಬುವುದನ್ನು ಬಿಟ್ಟು ಬ್ಯಾಂಕ್ ಬ್ಯಾಲೆನ್ಸ್ ನೋಡಿಕೊಂಡು ಗಿರಾಕಿಗಳಿಗೆ ದರ ಹೇಳುತ್ತಿದ್ದರು.

ಈಗ ಯಾವ ವೋಚರ್ (ಟ್ಯಾಲಿಯಲ್ಲಿನ ಒಂದು ನಮೂದು) ತೆರೆದರೂ ಅದರ ಹಿಂದಿನ ರೂಪಗಳೆಲ್ಲ ಸಿಗುತ್ತವೆ. ಮೊದಲು ಏನಿತ್ತು, ಈಗ ಏನಾಗಿದೆ, ಯಾವ ಯೂಸರ್ ಬದಲಿಸಿದ್ದು, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲವೂ ಕಾಣುತ್ತದೆ. ಅಳಿಸಿದ ವೋಚರ್‌ನ ಗುರುತೂ ಉಳಿಯುತ್ತದೆ. ತಿಂಗಳ ವರದಿ ಕೊಡುವಾಗ ಹಿಂದಿನ ತಿಂಗಳಲ್ಲಿ ತಿದ್ದಿದ್ದು ಏನಾದರೂ ಇದ್ದರೆ ಅದರ ಪಟ್ಟಿಯನ್ನೂ ಜೊತೆಗೆ ಕೊಡುತ್ತೇನೆ. ಕಾನೂನು ಇದನ್ನು ಕೇಳುವುದಿಲ್ಲ. ಆದರೆ ನಮ್ಮ ಮಾಲೀಕರಿಗೆ ಅಂಕಿಗಳ ಮೇಲೆ ನಂಬಿಕೆ ಬಂದದ್ದು ಈ ಪಟ್ಟಿಯಿಂದ.

ಒಂದು ಮಾತು ಮಾತ್ರ ಖಡಾಖಂಡಿತ. ಎಲ್ಲರೂ ಒಂದೇ ಪಾಸ್‌ವರ್ಡ್‌ನಲ್ಲಿ ಒಳಗೆ ಹೋದರೆ ಈ ಲಾಗ್ ಸುಮ್ನೆ. ಪೀಣ್ಯದಲ್ಲೇ ಎಷ್ಟೋ ಕಡೆ ನೋಡಿದ್ದೇನೆ, ಸ್ಟೋರ್ಸ್‌ನವರು, ಬಿಲ್ಲಿಂಗ್‌ನವರು, ಹೊರಗಿನಿಂದ ಬರುವ ಜಿಎಸ್‌ಟಿ ಕನ್ಸಲ್ಟೆಂಟ್, ಎಲ್ಲರೂ ‘ಅಡ್ಮಿನ್’. ಕಾನೂನಿನ ಅಕ್ಷರ ಪಾಲನೆ ಆಯಿತು, ಉಪಯೋಗ ಆಗಲಿಲ್ಲ. ಪ್ರತಿಯೊಬ್ಬರಿಗೂ ಬೇರೆ ಯೂಸರ್ ಮಾಡಿ. ಹಳೇ ತಾರೀಖಿನಲ್ಲಿ ಎಂಟ್ರಿ ಹಾಕಲು ಯಾರಿಗೆ ಎಷ್ಟು ದಿನದವರೆಗೆ ಅವಕಾಶ ಅನ್ನುವುದನ್ನೂ ಟ್ಯಾಲಿಯಲ್ಲೇ ಗೊತ್ತುಮಾಡಬಹುದು. ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಸಲ್ಲಿಸಿದ ಮೇಲೆ ಆ ತಿಂಗಳಿಗೆ ನಾವು ಬೀಗ ಹಾಕುತ್ತೇವೆ.

ಲೆಕ್ಕ ಹೀಗೆ ಅಲುಗಾಡದೆ ನಿಂತ ಮೇಲೆಯೇ ಕಾಸ್ಟ್ ಸೆಂಟರ್‌ಗೆ, ಅಂದರೆ ಖರ್ಚನ್ನು ಕೆಲಸವಾರು ಬೇರೆಯಾಗಿ ತೋರಿಸುವ ತಲೆಬರಹಕ್ಕೆ, ಅರ್ಥ ಬರುತ್ತದೆ. ನಾವು ಪ್ರತಿ ದೊಡ್ಡ ಆರ್ಡರ್‌ಗೂ ಒಂದು ಕಾಸ್ಟ್ ಸೆಂಟರ್ ತೆರೆಯುತ್ತೇವೆ. ಕಚ್ಚಾ ಮಾಲು, ಹೊರಗೆ ಕಳಿಸುವ ಪ್ಲೇಟಿಂಗ್, ಕಾರ್ಬೈಡ್ ಇನ್ಸರ್ಟ್ (ಲೋಹ ಕತ್ತರಿಸುವ ಮೊನೆ) ಎಲ್ಲ ಅದರ ತಲೆಗೆ. ಬೆಸ್ಕಾಂ ಕರೆಂಟ್ ಬಿಲ್‌ನಂಥ ಒಟ್ಟು ಖರ್ಚನ್ನು ಶೇಕಡಾವಾರು ಹಂಚಲು ಕಾಸ್ಟ್ ಸೆಂಟರ್ ಕ್ಲಾಸ್ ಇದೆ, ಒಮ್ಮೆ ಕಟ್ಟಿಟ್ಟರೆ ಪ್ರತಿ ಸಲ ಕೈಯಲ್ಲಿ ಹಂಚಬೇಕಿಲ್ಲ. ಇದರಿಂದ ನಮಗೆ ಸಿಕ್ಕ ದೊಡ್ಡ ತಿಳಿವಳಿಕೆ ಸ್ಟೇನ್‌ಲೆಸ್ ಸ್ಟೀಲ್ ಕೆಲಸದ್ದು. ಮಾಮೂಲಿ ಉಕ್ಕಿಗಿಂತ ಅದರಲ್ಲಿ ಇನ್ಸರ್ಟ್ ಬೇಗ ಸವೆಯುತ್ತದೆ, ಯಂತ್ರವೂ ನಿಧಾನಕ್ಕೆ ಓಡಬೇಕು. ಆಪರೇಟರ್‌ಗಳಿಗೆ ಇದು ಎಂದಿನಿಂದಲೂ ಗೊತ್ತು. ಆದರೆ ಇನ್ಸರ್ಟ್ ಖರ್ಚೆಲ್ಲ ‘ಟೂಲ್ಸ್’ ಅನ್ನುವ ಒಂದೇ ಲೆಡ್ಜರ್‌ನಲ್ಲಿ ಮುಳುಗಿದ್ದಾಗ ದರ ಹಾಕುವವರಿಗೆ ಕಾಣುತ್ತಿರಲಿಲ್ಲ. ಈಗ ಆರ್ಡರ್‌ವಾರು ಕಾಣುತ್ತದೆ. ಸ್ಟೇನ್‌ಲೆಸ್ ಕೆಲಸಕ್ಕೆ ಈಗ ಬೇರೆಯೇ ದರ ಹೇಳುತ್ತೇವೆ.

ಯಂತ್ರದ ಗಂಟೆ ದರವನ್ನು ಮಾತ್ರ ಈಗಲೂ ಎಕ್ಸೆಲ್‌ನಲ್ಲೇ ಕಟ್ಟುತ್ತೇನೆ. ಯಂತ್ರ ಎಷ್ಟು ಗಂಟೆ ಓಡಿತು ಅನ್ನುವುದು ಜಾಬ್ ಕಾರ್ಡ್‌ನಲ್ಲಿರುತ್ತದೆ, ವೋಚರ್‌ನಲ್ಲಿ ಅಲ್ಲ. ಜಾಬ್ ಕಾರ್ಡ್‌ಗೆ ಅಂತ ಹೊರಗಿನ ಒಬ್ಬರಿಂದ ಒಂದು ಟಿಡಿಎಲ್ (ಟ್ಯಾಲಿಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಮಾಡಿಸಿದ್ದೆವು. ಟ್ಯಾಲಿಯ ಹೊಸ ರಿಲೀಸ್‌ಗೆ ಹೋದಾಗ ಅದು ನಿಂತಿತು, ಮಾಡಿಕೊಟ್ಟವರು ಫೋನ್ ಎತ್ತಲಿಲ್ಲ. ಟಿಡಿಎಲ್ ಮಾಡಿಸುವಾಗ, ಮಾಡಿಕೊಡುವವರು ಅದರ ಮೂಲ ಫೈಲ್ ನಿಮ್ಮ ಕೈಗೆ ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ.

ಲಾಗ್‌ನ ಇನ್ನೊಂದು ಉಪಯೋಗ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 43ಬಿ(ಎಚ್)ಗೆ. ಸರ್ಕಾರದ ಉದ್ಯಮ್ ನೋಂದಣಿ ಇರುವ ಕಿರು ಮತ್ತು ಸಣ್ಣ ಉದ್ಯಮಗಳಿಂದ ಮಾಲು ತಗೊಂಡರೆ ಲಿಖಿತ ಒಪ್ಪಂದ ಇದ್ದಾಗ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ಆ ಖರ್ಚು ಆದಾಯ ತೆರಿಗೆ ಲೆಕ್ಕದಲ್ಲಿ ಸಿಗುವುದು ನಿಜವಾಗಿ ಹಣ ಕೊಟ್ಟ ವರ್ಷದಲ್ಲೇ. 2024-25ರ ಅಸೆಸ್‌ಮೆಂಟ್ ವರ್ಷದಿಂದ ಇದು ಬಂದಿದೆ. ಟ್ಯಾಲಿಯ ಹೊಸ ರಿಲೀಸ್‌ಗಳಲ್ಲಿ ಸಪ್ಲೈಯರ್ ಲೆಡ್ಜರ್‌ನಲ್ಲೇ ಉದ್ಯಮ್ ವಿವರ ಹಾಕಿದರೆ ಗಡುವು ಮೀರಿದ ಬಿಲ್‌ಗಳು ಬೇರೆಯಾಗಿ ಬರುತ್ತವೆ. ಮಾರ್ಚ್ ಕೊನೆಯಲ್ಲಿ ಬಿಲ್ ತಾರೀಖು ಒಂದಿಷ್ಟು ಮುಂದೆ ತಳ್ಳಿಬಿಡೋಣ ಅನ್ನುವ ಆಸೆ ಯಾರಿಗೂ ಬರಬಹುದು. ಹಾಗೆ ತಿದ್ದಿದರೆ ಲಾಗ್‌ನಲ್ಲಿ ಉಳಿಯುತ್ತದೆ. ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವ ನಮ್ಮ ಅಕ್ಕಪಕ್ಕದ ಸಣ್ಣವರಿಗೆ ಇದರಿಂದ ದುಡ್ಡು ಹೊತ್ತಿಗೆ ಸರಿಯಾಗಿ ಹೋಗುತ್ತಿದೆ. ನನಗೆ ಇದು ನಿಜವಾಗಲೂ ಸಂತೋಷ. ನಾವೂ ಬೇರೆಯವರಿಗೆ ಅಂಥ ಸಣ್ಣವರೇ ಅಲ್ವಾ.

ಖರ್ಚಿನ ವಿಷಯ. ಎಡಿಟ್ ಲಾಗ್‌ಗೆ ಬೇರೆ ಲೈಸೆನ್ಸ್ ಬೇಡ. 2020ರಲ್ಲಿ ಒಂದೇ ಕಂಪ್ಯೂಟರ್‌ಗೆ ಆಗುವ ಸಿಲ್ವರ್ ಲೈಸೆನ್ಸ್ 18,000, ಹಲವು ಕಂಪ್ಯೂಟರ್‌ಗೆ ಆಗುವ ಗೋಲ್ಡ್ 54,000 ರೂಪಾಯಿ ಇತ್ತು, ಜಿಎಸ್‌ಟಿ ಬೇರೆ. ಆಮೇಲೆ ಏರಿದೆ, ಈಗಿನ ದರ ಕೇಳಿಕೊಳ್ಳಿ. ಒಂದಕ್ಕಿಂತ ಹೆಚ್ಚು ಕಂಪ್ಯೂಟರ್‌ನಲ್ಲಿ ಒಟ್ಟಿಗೆ ಕೆಲಸ ಮಾಡುವವರಿಗೆ ಗೋಲ್ಡ್ ಬೇಕು. ಲಾಗ್‌ನಿಂದ ಪೂರ್ತಿ ಲಾಭ ಬೇಕಿದ್ದರೆ ಬೇರೆ ಬೇರೆ ಜನ ಅವರವರ ಹೆಸರಲ್ಲೇ ಕೂತು ಎಂಟ್ರಿ ಹಾಕುವಂತಿರಬೇಕು, ಆದ್ದರಿಂದ ನಮ್ಮಂಥ ಕಂಪನಿಗೆ ಗೋಲ್ಡೇ ಸರಿ.

ನನ್ನದೊಂದು ಬೇಡಿಕೆ ಇದೆ. ಏನು ಬದಲಾಯಿತು ಅನ್ನುವುದು ಲಾಗ್‌ನಲ್ಲಿದೆ, ಯಾಕೆ ಅನ್ನುವುದು ಇಲ್ಲ. ನಮ್ಮಲ್ಲಿ ತಿದ್ದಿದವರು ನರೇಶನ್‌ನಲ್ಲಿ (ವೋಚರ್‌ನ ವಿವರಣೆ ಸಾಲಿನಲ್ಲಿ) ಕಾರಣ ಬರೆಯಬೇಕು ಅಂತ ನಿಯಮ ಮಾಡಿಕೊಂಡಿದ್ದೇವೆ. ಹಳೇ ತಿಂಗಳ ವೋಚರ್ ತಿದ್ದಿದಾಗ ಕಾರಣ ಬರೆಯದೆ ಸೇವ್ ಆಗದಂತೆ ಒಂದು ಬಾಕ್ಸ್ ಬಂದರೆ ಆಡಿಟ್ ಸಮಯದಲ್ಲಿ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.