ಆಕ್ಸಲ್ ಸೀಲ್ ಸೋರಿಕೆ: ಬಾಟಲಿ, 90 ರೂಪಾಯಿಯ ಸೀಲ್, ಅಸಲಿ ಸೀಲ್, ಬಳೆ

ಪಿಕಪ್ಪಿನ ಹಿಂದಿನ ಎಡ ಚಕ್ರದ ಒಳಮೈಯಲ್ಲಿ ಕಪ್ಪು ಜಿಡ್ಡು ಇಳಿದದ್ದು ಕಂಡಾಗ ಬ್ರೇಕ್ ಆಯಿಲ್ ಇರಬೇಕು ಎಂದುಕೊಂಡೆ. ಬೆರಳಿಗೆ ಹಚ್ಚಿ ಮೂಸಿದರೆ ಗಂಧಕದ ಘಾಟು. ಬ್ರೇಕ್ ಆಯಿಲ್ ತೆಳುವಾಗಿರುತ್ತದೆ, ಈ ವಾಸನೆ ಅದಕ್ಕಿಲ್ಲ. ಇದು ಹೌಸಿಂಗ್, ಅಂದರೆ ಚಕ್ರ ತಿರುಗಿಸುವ ಆಕ್ಸಲ್ ದಂಡದ ಹೊರಕವಚದ ಒಳಗಿನ ಗೇರ್ ಆಯಿಲ್. ಅದು ಚಕ್ರದ ಕಡೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಆಕ್ಸಲ್ ಸೀಲ್, ಕೈಕೊಟ್ಟಿದೆ. ಶಿರಸಿಯಿಂದ ಲೋಡು ಹೇರಿಕೊಂಡು ದೇವಿಮನೆ ಘಟ್ಟ ಇಳಿಯುವ ಗಾಡಿಗೆ ಇದು ಹಗುರವಾಗಿ ಬಿಡುವ ಸಂಗತಿಯಲ್ಲ. ಎಣ್ಣೆ ಕುಡಿದ ಬ್ರೇಕ್ ಶೂ ಹಿಡಿಯುವುದಿಲ್ಲ.

ಮೊದಲು ಮಾಡಿದ್ದು ಸೋಮಾರಿಯ ಕೆಲಸ. ಗೇರ್ ಆಯಿಲ್‌ಗೆ ಬೆರೆಸಿದರೆ ಸೋರಿಕೆ ನಿಲ್ಲುತ್ತದೆ ಎನ್ನುವ ಬಾಟಲಿಯೊಂದನ್ನು 350 ರೂಪಾಯಿ ಕೊಟ್ಟು ತಂದು ಸುರಿದೆ. ಒಣಗಿ ಗಟ್ಟಿಯಾದ ರಬ್ಬರನ್ನು ಮೆತ್ತಗಾಗಿಸಿ ತುಸು ಉಬ್ಬಿಸುವುದು ಅದರ ಗುಣ. ಹದಿನೈದು ದಿನ ಚಕ್ರ ಒಣಗಿದಂತೆ ಕಂಡಿತು, ಆಮೇಲೆ ಮತ್ತೆ ಜಿಡ್ಡು. ಆಕ್ಸಲಿಗೆ ತಾಗಿ ನಿಲ್ಲುವ ಸೀಲಿನ ಒಳ ಅಂಚು, ಅಂದರೆ ತುಟಿ, ಸವೆದಿದ್ದರೆ ಉಬ್ಬಿಸಿ ಪ್ರಯೋಜನವೇನು?

ಎರಡನೆಯದು ಊರಿನ ಅಂಗಡಿಯ 90 ರೂಪಾಯಿಯ ಸೀಲ್. ಬಿಚ್ಚಿ ಜೋಡಿಸುವ ಕೂಲಿ 800. ನಾಲ್ಕು ತಿಂಗಳು ಬಾಳಿತು. ಮೂರನೆಯದು 280 ರೂಪಾಯಿಯ ಅಸಲಿ ಸೀಲ್, ಕೂಲಿ ಮತ್ತೆ ಅಷ್ಟೇ. ಎರಡನ್ನೂ ಅಂಗೈಯಲ್ಲಿಟ್ಟು ನೋಡಿದರೆ ಅವಳಿಗಳು. ಅಳತೆಯ ಅಂಕಿಗಳೂ ಒಂದೇ. ತುಟಿಯನ್ನು ಹೆಬ್ಬೆರಳಿನಿಂದ ಮಡಚಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ: ಅಗ್ಗದ್ದರಲ್ಲಿ ಒಳಗಿನ ಸುರುಳಿ ಸ್ಪ್ರಿಂಗ್ ಸಡಿಲವಾಗಿ ಜಾರಿತು, ಅಸಲಿಯದು ಬಿಗಿಯಾಗಿ ಮರಳಿ ಕೂತಿತು. ಇಷ್ಟೆಲ್ಲ ಇದ್ದೂ ಅಸಲಿ ಸೀಲ್ ಬಾಳಿದ್ದು ಆರೇ ತಿಂಗಳು. ಮೂರು ಪಟ್ಟು ದುಡ್ಡಿಗೆ ಎರಡು ತಿಂಗಳ ಲಾಭ!

ಆಗ ನಮ್ಮ ಮೆಕ್ಯಾನಿಕ್ ಆಕ್ಸಲನ್ನು ಎಳೆದು ಬೆಂಚಿನ ಮೇಲೆ ಮಲಗಿಸಿ, ಸೀಲ್ ಕೂರುವ ಜಾಗವನ್ನು ಒರೆಸಿ, ನನ್ನ ಕೈ ಹಿಡಿದು ಅಲ್ಲಿ ಉಗುರು ಎಳೆಸಿದ. ಕಣ್ಣಿಗೆ ಕೂದಲೆಳೆಯಷ್ಟೇ ಕಾಣುವ ಗೆರೆಯಲ್ಲಿ ಉಗುರು ಟಕ್ಕೆಂದು ಸಿಕ್ಕಿಕೊಂಡಿತು. ವರ್ಷಗಟ್ಟಲೆ ಒಂದೇ ಕಡೆ ಉಜ್ಜಿ, ಧೂಳು ಸೇರಿ, ಮೆತ್ತನೆಯ ರಬ್ಬರು ಉಕ್ಕನ್ನೇ ಕೊರೆದಿತ್ತು. ಈ ಕಾಲುವೆ ಇರುವ ತನಕ ಹೊಸ ತುಟಿಯೂ ಅದರಲ್ಲೇ ಬೀಳುತ್ತದೆ. ನಾನು ಬೈದದ್ದೆಲ್ಲ ಸೀಲನ್ನು. ತಪ್ಪು ಇದ್ದದ್ದು ಕಬ್ಬಿಣದಲ್ಲಿ.

ಸೀಲನ್ನು ಎರಡು ಮಿಲಿಮೀಟರ್ ಹೊರಗೆ ಕೂರಿಸಿದರೆ ತುಟಿ ಹೊಸ ಜಾಗಕ್ಕೆ ಬೀಳುತ್ತದೆ, ಖರ್ಚೂ ಇಲ್ಲ. ನನ್ನ ಗಾಡಿಯಲ್ಲಿ ಪಕ್ಕದಲ್ಲೇ ಬೇರಿಂಗ್ ಇದ್ದುದರಿಂದ ಅದಕ್ಕೆ ಎಡೆಯಿರಲಿಲ್ಲ. ವೆಲ್ಡ್ ತುಂಬಿಸಿ ಕಡೆಸೋಣವೆಂದರೆ ಲೇಥ್‌ನವನೇ ಬೇಡವೆಂದುಬಿಟ್ಟ: ಹದ ಕೊಟ್ಟ ಉಕ್ಕಿಗೆ ವೆಲ್ಡಿನ ಬಿಸಿ ತಾಗಿದರೆ ಬಲ ಹೋಗುತ್ತದೆ, ಘಟ್ಟದಲ್ಲಿ ಮುರಿದರೆ ಚಕ್ರವೇ ಕಳಚಿಕೊಳ್ಳುತ್ತದೆ. ಬಂದ ಕೂಲಿಯನ್ನು ಬೇಡವೆಂದ ಅವನಿಗೆ ಇವತ್ತಿಗೂ ಚಹಾ ಬಾಕಿ ಇದೆ. ಹೊಸ ಆಕ್ಸಲ್‌ಗೆ ಆರು ಸಾವಿರದ ಮಾತು.

ಕೊನೆಗೆ ಹುಬ್ಬಳ್ಳಿಯಿಂದ ತರಿಸಿದ್ದು ರಿಪೇರಿ ಸ್ಲೀವ್, 1,900 ರೂಪಾಯಿ. ಅದು 0.28 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಬಳೆ. ಅಷ್ಟು ತೆಳುವಾದ್ದರಿಂದ ಹಳೆಯ ಅಳತೆಯ ಸೀಲೇ ಅದರ ಮೇಲೆ ಕೂರುತ್ತದೆ. ಕಾಲುವೆಗೆ ಎಪಾಕ್ಸಿ ತುಂಬಿ, ಅದು ಒಣಗುವ ಮೊದಲೇ, ಜೊತೆಗೆ ಬಂದ ಬಟ್ಟಲನ್ನು ಮುಚ್ಚಿ ಮೆಲ್ಲಗೆ ಬಡಿಯುತ್ತಾ ಬಳೆ ತೊಡಿಸಿದೆವು. ಓರೆಯಾಗಿ ಒಂದು ಪೆಟ್ಟು ಬಿದ್ದರೂ ಬಳೆ ನಗ್ಗಿ ದುಡ್ಡು ನೀರಿಗೆ ಹೋಗುತ್ತಿತ್ತು. ಪೆಟ್ಟು ಕೊಡುವ ಕೈಗೆ ಅಭ್ಯಾಸ ಬೇಕು. ಅದರ ಮೇಲೆ ಅಸಲಿ ಸೀಲ್. ಹದಿಮೂರು ತಿಂಗಳಾಯಿತು, ಚಕ್ರ ಒಣಗಿಯೇ ಇದೆ.

ಇದರ ಪೂರ್ಣ ಶ್ರೇಯಸ್ಸನ್ನು ಬಳೆಗೇ ಕೊಡಲಾರೆ. ಅದೇ ದಿನ ಹೌಸಿಂಗ್ ಮೇಲಿನ ಬ್ರೀದರ್, ಅಂದರೆ ಗಾಳಿಯಾಡುವ ಕಿಂಡಿ, ಬಿಚ್ಚಿದಾಗ ತೋಟದ ಕೆಸರು ಬೆಣೆಯಂತೆ ಕೂತಿತ್ತು. ಓಡುವಾಗ ಬಿಸಿಯಾಗಿ ಹಿಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಎಣ್ಣೆಯನ್ನೇ ಸೀಲಿನ ಕಡೆ ತಳ್ಳುತ್ತಿತ್ತು. ಅದನ್ನು ಬಿಡಿಸಲು ಬೇಕಾದದ್ದು ಒಂದು ತಂತಿ ಮತ್ತು ಸ್ವಲ್ಪ ಡೀಸೆಲ್.

ಖರ್ಚಿನ ಲೆಕ್ಕದಲ್ಲಿ ಹೆಚ್ಚು ಹೊಟ್ಟೆ ಉರಿಸಿದ್ದು ಬ್ರೇಕ್ ಶೂಗಳ 1,100 ರೂಪಾಯಿ. ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಸಾಕು ಎಂದ ಗೆಳೆಯನ ಮಾತು ಕೇಳಿದ್ದೆ; ಬ್ರೇಕ್ ಡ್ರಮ್ ಕಾದೊಡನೆ ಶೂವಿನ ಲೈನರ್ ಒಳಗಿನಿಂದ ಎಣ್ಣೆ ಮತ್ತೆ ಬೆವರಿತು. ಎಡಬಲ ಎರಡೂ ಕಡೆ ಹೊಸದು ಹಾಕಿಸಿದೆ. ಬಾಟಲಿಯ ಹದಿನೈದು ದಿನದ ಸುಖಕ್ಕೆ ತೆತ್ತದ್ದು ಇದು.

ಈಗ ಬಲಗಡೆಯ ಚಕ್ರದಲ್ಲಿ ಬೊಟ್ಟಿನಷ್ಟು ಜಿಡ್ಡು ಕಾಣಿಸಿದೆ. ಬುಧವಾರ ಆಕ್ಸಲ್ ಎಳೆಯಲಿದ್ದೇವೆ. ಉಗುರು ಸಿಕ್ಕಿಕೊಳ್ಳದಿದ್ದರೆ ಅಸಲಿ ಸೀಲ್ ಒಂದೇ. ಸಿಕ್ಕಿಕೊಂಡರೆ ಹುಬ್ಬಳ್ಳಿಗೆ ಫೋನ್.