ದೋಷಗಳನ್ನು ಗುಂಪುಗೂಡಿಸುವ ಸೇವೆ: ಆರು ತಿಂಗಳ ಬಳಕೆಯ ನಂತರ

ಸರ್ವರ್‌ಗಳಲ್ಲಿ ಕಾಣಿಸಿಕೊಳ್ಳುವ ದೋಷಗಳನ್ನು ಕಲೆಹಾಕಿ, ಒಂದೇ ಬಗೆಯವನ್ನು ಒಟ್ಟಿಗೆ ತೋರಿಸುವ ಎರರ್ ಟ್ರ್ಯಾಕಿಂಗ್ ಸೇವೆಯೊಂದನ್ನು ನಮ್ಮ ತಂಡ ಆರು ತಿಂಗಳಿಂದ ಬಳಸುತ್ತಿದೆ. ಅಳವಡಿಸಲು ಅರ್ಧ ದಿನವೂ ಹಿಡಿಯಲಿಲ್ಲ.

ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಮುಖಪುಟದ ಬಣ್ಣಬಣ್ಣದ ಎಣಿಕೆಗಳಲ್ಲ, ಎರಡು ಮೆನುಗಳ ಒಳಗೆ ಅಡಗಿರುವ ಒಂದು ಗ್ರಾಫ್. ಪ್ರೋಗ್ರಾಂ ಶುರುವಾಗಿ ಎಷ್ಟು ಗಂಟೆಯ ಮೇಲೆ ದೋಷ ಉಂಟಾಯಿತು ಎಂಬುದನ್ನು ಅದು ತೋರಿಸುತ್ತದೆ. ನಮ್ಮ ಒಂದು ಸರ್ವಿಸ್ ಒಮ್ಮೆ ಸೋಮವಾರ ಮಧ್ಯಾಹ್ನ, ಇನ್ನೊಮ್ಮೆ ಗುರುವಾರ ನಡುರಾತ್ರಿ ನಿಂತುಹೋಗುತ್ತಿತ್ತು. ದಿನಾಂಕದ ಪ್ರಕಾರ ಜೋಡಿಸಿ ನೋಡಿದಾಗ ಯಾವ ಕ್ರಮವೂ ಕಾಣದ ಕಾರಣ, ನೆಟ್‌ವರ್ಕಿನ ತೊಂದರೆಯೆಂದು ಹೇಳಿ ನಾವು ಕೈತೊಳೆದುಕೊಂಡಿದ್ದೆವು. ಈ ಗ್ರಾಫಿನಲ್ಲಿ ಚುಕ್ಕೆಗಳೆಲ್ಲ ಎಪ್ಪತ್ತನೆಯ ಗಂಟೆಯ ಆಸುಪಾಸಿನಲ್ಲಿ ಒತ್ತಾಗಿ ಕೂತಿದ್ದವು. ಹುಡುಕಿದರೆ, ಟೈಮ್‌ಔಟ್ ಆದಾಗ, ಅಂದರೆ ಕಾಯುವ ಅವಧಿ ಮೀರಿದಾಗ, ಡೇಟಾಬೇಸ್ ಕನೆಕ್ಷನ್ ಮುಚ್ಚುವುದನ್ನು ಒಂದು ಕಡೆ ಮರೆತಿದ್ದೆವು. ಸಿದ್ಧವಾಗಿಟ್ಟ ಕನೆಕ್ಷನ್‌ಗಳ ಸಂಗ್ರಹ, ಅಂದರೆ ಪೂಲ್, ಬರಿದಾಗಲು ಅಷ್ಟು ಹೊತ್ತು ಬೇಕಾಗುತ್ತಿತ್ತು.

1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಪೇಟ್ರಿಯಟ್ ಎಂಬ ಕ್ಷಿಪಣಿ ತಡೆ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗದೆ ಅಮೆರಿಕದ 28 ಸೈನಿಕರು ಸತ್ತದ್ದರ ಹಿಂದೆಯೂ ಇದೇ ಜಾತಿಯ ದೋಷವಿತ್ತು: ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು 24 ಬಿಟ್‌ಗಳಲ್ಲಿ ಹಿಡಿಸುವಾಗ ಕತ್ತರಿಸಿಹೋದ ಚೂರು, ಸುಮಾರು 100 ಗಂಟೆ ಬಿಡುವಿಲ್ಲದೆ ಓಡಿದ ಕಂಪ್ಯೂಟರಿನಲ್ಲಿ ಕೂಡುತ್ತ ಹೋಗಿ, 0.34 ಸೆಕೆಂಡಿನಷ್ಟು ತಪ್ಪಾಗಿ ಬೆಳೆದಿತ್ತು. ಕೆಲವೇ ಗಂಟೆಗಳಲ್ಲಿ ಮುಗಿಯುವ ಪರೀಕ್ಷೆಗೆ ಇಂಥದ್ದು ಸಿಕ್ಕಿಬೀಳುವುದಿಲ್ಲ.

ಗುಂಪುಗೂಡಿಸುವ ಕ್ರಮ ಮಾತ್ರ ಒರಟು. ಸ್ಟ್ಯಾಕ್ ಟ್ರೇಸ್ (ದೋಷದ ಹೊತ್ತಿಗೆ ಕೋಡ್ ಯಾವ ಫಂಕ್ಷನ್‌ಗಳ ಮೂಲಕ ಹಾದುಬಂದಿತ್ತು ಎಂಬ ಪಟ್ಟಿ) ಒಂದನ್ನೇ ನಂಬುವುದರಿಂದ, ಆ ಒಂದೇ ಕನೆಕ್ಷನ್ ದೋಷ ಲಾಗಿನ್, ಹುಡುಕಾಟ, ಪಾವತಿ ಎಂದು ಹನ್ನೊಂದು ಬೇರೆ ಬೇರೆ ಗುಂಪುಗಳಾಗಿ ಬಂದಿತ್ತು. ಅದೇ ಹೊತ್ತಿಗೆ, ಸಂಬಂಧವೇ ಇಲ್ಲದ ಹಲವು ಟೈಮ್‌ಔಟ್‌ಗಳು ಒಂದೇ ಲೈಬ್ರರಿಯಿಂದ ಹೊರಟವು ಎಂಬ ಕಾರಣಕ್ಕೆ ಒಂದೇ ಗುಂಪಿಗೆ ಬಿದ್ದಿದ್ದವು. ನಿಯಮಗಳನ್ನು ನಾವೇ ಬರೆದುಕೊಳ್ಳಲು ಅವಕಾಶವಿದೆ, ಆದರೆ ಅದಕ್ಕೆ ಎರಡು ವಾರ ಹಿಡಿಯಿತು.

ತಿಂಗಳ ಕೊನೆಯ ವರದಿಯೂ ಅಷ್ಟಕ್ಕಷ್ಟೆ. ಲಭ್ಯತೆ 99.9% ಎಂದರೆ 30 ದಿನಗಳಲ್ಲಿ ಸುಮಾರು 43 ನಿಮಿಷ ನಿಂತಂತೆ. ಅದು ಒಂದೇ ಸಲ ನಿಂತದ್ದೋ, ನಿಮಿಷಕ್ಕೊಂದರಂತೆ 43 ಸಲ ನಿಂತದ್ದೋ ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ, ಬಳಕೆದಾರರಿಗೆ ಮಾತ್ರ ಅವೆರಡೂ ಬೇರೆ.

ವಾರಗಟ್ಟಲೆ ಓಡುವ ಪ್ರೋಗ್ರಾಂಗಳಿರುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಕ್ಷಣದಲ್ಲಿ ಹುಟ್ಟಿ ಮುಗಿಯುವ ಫಂಕ್ಷನ್‌ಗಳನ್ನಷ್ಟೇ ನಡೆಸುವವರಿಗೆ ಆ ಗ್ರಾಫಿನಿಂದ ಪ್ರಯೋಜನವಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಗ್ರಾಫಿನ ಪುಟವನ್ನು ಬುಕ್‌ಮಾರ್ಕ್ ಮಾಡಿಕೊಂಡಿದ್ದೇನೆ. ಮುಖಪುಟ ತೆರೆದು ತಿಂಗಳಾಯಿತು.