ಅಂಗ್ಕೋರ್‌ನ ಮೂರು ದಿನದ ಪಾಸು: ಬಿಗಿ ಎಲ್ಲಿ, ಸಡಿಲ ಎಲ್ಲಿ

ಕಾಂಬೋಡಿಯಾದ ಸಿಯೆಮ್ ರೀಪ್ ಪಟ್ಟಣದ ಹೊರಗಿರುವ ಟಿಕೆಟ್ ಕಚೇರಿಯಲ್ಲಿ, ಹಳೆಯ ಗುಡಿಗಳ ವಿಶಾಲ ತಾಣವಾದ ಅಂಗ್ಕೋರ್ ನೋಡಲು ಬೇಕಾದ ಪಾಸು ಪಡೆಯಲು ನಮಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ವಿದೇಶಿಯರಿಗೆ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ ಪಾಸನ್ನು ಹತ್ತು ದಿನಗಳೊಳಗೆ ಬಿಡುವು ಕೊಟ್ಟು ಬಳಸಬಹುದಾದ್ದರಿಂದ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಅದೇ ಸೂಕ್ತ. ಕೌಂಟರಿನಲ್ಲೇ ಭಾವಚಿತ್ರ ತೆಗೆದು ಪಾಸಿನ ಮೇಲೆ ಮುದ್ರಿಸಿ ಕೊಡುತ್ತಾರೆ. ಆದ್ದರಿಂದ ಒಬ್ಬರ ಪಾಸಿನಲ್ಲಿ ಇನ್ನೊಬ್ಬರು ಒಳಹೋಗುವ ಜಾಣತನ ಇಲ್ಲಿ ನಡೆಯದು. ಪ್ರತಿ ಟಿಕೆಟ್ಟಿನಿಂದ 2 ಡಾಲರ್ ಕಂಥಾ ಬೋಫಾ ಮಕ್ಕಳ ಆಸ್ಪತ್ರೆಗೆ ಸಲ್ಲುತ್ತದೆ ಎಂದು ತಿಳಿದ ಮೇಲೆ ಬೆಲೆಯ ಬಗ್ಗೆ ನನ್ನ ತಾಯಿಯ ಗೊಣಗಾಟವೂ ನಿಂತಿತು.

ಉಡುಪಿನ ನಿಯಮದಲ್ಲಿ ಮಾತ್ರ ನಾವು ಎಡವಿದೆವು. ಭುಜ ಮತ್ತು ಮಂಡಿ ಮುಚ್ಚಿರಬೇಕು ಎಂಬುದು ನಮಗೆ ಗೊತ್ತಿತ್ತು; ತೋಳಿಲ್ಲದ ಕುರ್ತಾದ ಮೇಲೆ ಶಾಲು ಹೊದ್ದರೆ ಸಾಕೆಂದು ನಾವು ಇಳಿದುಕೊಂಡಿದ್ದ ಹೋಟೆಲಿನವರು ಭರವಸೆ ಕೊಟ್ಟಿದ್ದರು. ತಾಣದ ಮುಖ್ಯ ಗುಡಿಯಾದ ಅಂಗ್ಕೋರ್ ವಾಟ್‌ನ ಮೇಲಿನ ಅಂತಸ್ತಾದ ಬಾಕಾನಿನ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಸಿಬ್ಬಂದಿ, ಸಾಲಿನಲ್ಲಿ ಬಿಸಿಲು ಕಾದು ಮುಂದೆ ಬಂದಿದ್ದ ನನ್ನ ಸೋದರ ಸೊಸೆಯನ್ನು ನಗುನಗುತ್ತಲೇ ತಡೆದರು. ಶಾಲು ಜಾರುತ್ತದೆ, ತೋಳಿರುವ ಅಂಗಿಯೇ ಬೇಕು ಎಂದು ಸನ್ನೆಯಲ್ಲೇ ತಿಳಿಸಿದರು; ದನಿ ಏರಿಸಲಿಲ್ಲ, ವಿನಾಯಿತಿಯನ್ನೂ ಕೊಡಲಿಲ್ಲ. ಆ ಕ್ಷಣಕ್ಕೆ ಬೇಸರವಾದರೂ, ಶಿಫಾರಸು ಹಿಡಿದರೆ ಬಾಗಿಲು ತೆರೆಯುವ ನಮ್ಮ ಕಡೆಯ ಅಭ್ಯಾಸವನ್ನು ನೆನೆದು ನನಗೆ ಈ ಕಟ್ಟುನಿಟ್ಟು ಹಿಡಿಸಿತು. ಅಲ್ಲಿ ಟೋಪಿ ತೆಗೆಯಬೇಕು, ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಹತ್ತಿಸುವುದಿಲ್ಲ, ಒಂದು ಸಲಕ್ಕೆ ನೂರು ಜನರಿಗಷ್ಟೇ ಪ್ರವೇಶ, ಬೌದ್ಧರ ಉಪವಸಥ ಎಂಬ ಪವಿತ್ರ ದಿನಗಳಲ್ಲಿ ಬಾಕಾನ್ ಮುಚ್ಚಿರುತ್ತದೆ. ಈ ಕೊನೆಯ ಸಂಗತಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳುವುದು ಲೇಸು.

ಕಾವಲುಗಾರರಿಲ್ಲದ ಕಡೆ ಪರಿಸ್ಥಿತಿ ಬೇರೆಯೇ. ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೆಯ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಎರಡೂ ವಿಷ್ಣುವಿಗಾಗಿಯೇ ಎದ್ದ ಗುಡಿಗಳು. ಬೇಲೂರಿನ ಮದನಿಕೆಯರು ಕೈಗೆಟುಕದ ಎತ್ತರದಲ್ಲಿ ನಿಂತಿದ್ದಾರೆ; ಅಂಗ್ಕೋರಿನ ಅಪ್ಸರೆಯರು ಕೈಗೆ ಸಿಗುವಷ್ಟು ತಗ್ಗಿನಲ್ಲಿರುವುದರಿಂದ, ಸವರಿದ ಕೈಗಳ ಎಣ್ಣೆ ಹತ್ತಿ ಹಲವು ಶಿಲ್ಪಗಳ ಎದೆ ಕಪ್ಪಾಗಿ ಮಿರಮಿರ ಮಿನುಗುತ್ತದೆ. ಸಮುದ್ರಮಥನದ ಉದ್ದನೆಯ ಗೋಡೆಯ ಮುಂದೆ ನಮ್ಮ ದೇಶದ ಯಾತ್ರಿಕರೊಬ್ಬರು ಭಕ್ತಿಯಿಂದ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನು ನಾನೇ ಕಂಡೆ. ಕಲ್ಲಿಗೆ ಭಕ್ತಿಯ ಬೆವರೂ ಕುತೂಹಲದ ಬೆವರೂ ಒಂದೇ. ಕೈ ಮುಗಿಯಬೇಕೆನಿಸಿದರೆ ಪಶ್ಚಿಮ ದ್ವಾರದಲ್ಲಿ ಎಂಟು ತೋಳಿನ ವಿಷ್ಣುವಿನ ದೊಡ್ಡ ಮೂರ್ತಿಯಿದೆ. ಸ್ಥಳೀಯರು ಅದನ್ನು ತಾ ರೀಚ್ ಎಂದು ಕರೆದು ಇಂದಿಗೂ ಊದುಬತ್ತಿ ಹಚ್ಚುತ್ತಾರೆ. ಚಪ್ಪಲಿ ಬಿಟ್ಟು ಅವರ ಪಕ್ಕದಲ್ಲಿ ಕೂರಲು ಯಾರ ಅಡ್ಡಿಯೂ ಇಲ್ಲ.

ಅಂಚೆಕಾರ್ಡು ಮಾರುವ ಮಕ್ಕಳಿಗೆ ದುಡ್ಡಾಗಲಿ ಮಿಠಾಯಿಯಾಗಲಿ ಕೊಡಬೇಡಿ ಎಂದು ಅಂಗ್ಕೋರ್ ಪುರಾತತ್ವ ಉದ್ಯಾನದ ಆಡಳಿತ ವಿನಂತಿಸುತ್ತದೆ, ಏಕೆಂದರೆ ಗಳಿಕೆಯಾದಷ್ಟೂ ಮಗು ಶಾಲೆಯಿಂದ ದೂರವಾಗುತ್ತದೆ. ನಾವು ಮೊದಲ ದಿನ ಸೋತೆವು, ಮರುದಿನ ಗಟ್ಟಿಯಾದೆವು. ಭಿಕ್ಷುಗಳ ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಬೇಕು; ಹೆಂಗಸರು ಅವರನ್ನು ಮುಟ್ಟುವಂತಿಲ್ಲ.

ಸುರಕ್ಷತೆಯ ವಿಚಾರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಮನುಷ್ಯರಲ್ಲ, ಹಳೆಯ ರಾಜಧಾನಿ ಅಂಗ್ಕೋರ್ ಥಾಮ್ ಸುತ್ತಲಿನ ಕೋತಿಗಳು. ಹಂಪಿಯ ಕೋತಿಗಳನ್ನು ಕಂಡವರಿಗೆ ಬಾಳೆಹಣ್ಣು ನೀಡುವ ಚಪಲ ಸಹಜವಾದರೂ, ಕಚ್ಚಿದರೆ ರೇಬೀಸ್ ಲಸಿಕೆಗಾಗಿ ಆಸ್ಪತ್ರೆಗೆ ಓಡಬೇಕಾಗುವುದರಿಂದ ತಿಂಡಿಯ ಚೀಲವನ್ನು ಗಾಡಿಯಲ್ಲೇ ಬಿಡುವುದು ವಿವೇಕ. ಮುಖ್ಯ ಗುಡಿಗಳ ಆವರಣದಲ್ಲಿ ನೆಲಬಾಂಬುಗಳ ಭಯವಿಲ್ಲ. ದೂರದ ಹಳ್ಳಿಗಾಡಿನಲ್ಲಿ ಮಾತ್ರ ದಶಕಗಳ ಯುದ್ಧದ ಪಳೆಯುಳಿಕೆ ಇನ್ನೂ ಮಣ್ಣಿನಲ್ಲಿದೆ, ಹಾಗಾಗಿ ಅಲ್ಲಿ ಸವೆದ ಹಾದಿ ಬಿಟ್ಟು ಪೊದೆಯೊಳಗೆ ಹೆಜ್ಜೆ ಇಡಬಾರದು. ಥಾಯ್ಲೆಂಡಿನಿಂದ ಬಸ್ಸಿನಲ್ಲಿ ಬರುವ ಯೋಜನೆಯಿದ್ದರೆ, 2025ರ ಗಡಿ ಕಾಳಗದ ನಂತರದ ಸ್ಥಿತಿಯನ್ನು ವಿಚಾರಿಸಿಕೊಂಡೇ ಹೊರಡಬೇಕು. ಡಾಲರ್ ನೋಟಿನಲ್ಲಿ ಕೂದಲೆಳೆಯ ಹರಕಿದ್ದರೂ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಅಂಥ ನೋಟೊಂದನ್ನು ನಮಗೆ ಚಿಲ್ಲರೆಯಾಗಿ ದಾಟಿಸಿದ ಅಂಗಡಿಯವರೇ ಮರುದಿನ ಅದನ್ನು ವಾಪಸು ಪಡೆಯಲು ಒಪ್ಪಲಿಲ್ಲ. ಅದು ಈಗ ನನ್ನ ಪುಸ್ತಕದೊಳಗಿನ ಗುರುತುಪಟ್ಟಿ.

ಸಂಜೆ ಐದರ ನಂತರ ಪಾಸು ಕೊಂಡರೆ ದಿನದ ಲೆಕ್ಕ ಮರುದಿನದಿಂದ ಆರಂಭವಾಗುತ್ತದೆ, ಅಂದಿನ ಸೂರ್ಯಾಸ್ತ ಉಚಿತವಾಗಿ ಸಿಗುತ್ತದೆ. ಎಲ್ಲರೂ ಓಡುವ ಬಾಖೆಂಗ್ ಬೆಟ್ಟದ ಗುಡಿಯ ಮೇಲೆ 300 ಜನರಿಗಷ್ಟೇ ಅವಕಾಶವಿರುವುದರಿಂದ ಅಷ್ಟು ಹೊತ್ತಿಗೆ ಅಲ್ಲಿ ಸರದಿ ಸಿಗುವುದು ಕಷ್ಟ. ನಾವು ಪ್ರೆ ರೂಪ್ ಗುಡಿಗೆ ಹೋದೆವು. ಮೆಟ್ಟಿಲು ಕಡಿದಾಗಿದ್ದ ಕಾರಣ ತಾಯಿ ಕೆಳಗೇ ಕುಳಿತರು, ಇಟ್ಟಿಗೆಯ ಗೋಪುರಗಳು ಕೆಂಪೇರುವುದನ್ನು ಅಲ್ಲಿಂದಲೇ ನೋಡಿದರು.